ಅಪ್ಪ ಕನ್ನಡಕ ತೆಗೆದಾಗ

ನಮ್ಮಪ್ಪನ ಕಡೆ ಕ್ಯಾಮೆರಾ ತಿರುಗಿಸಿದರೆ ಸಾಕು, ಅವರು ಬೇರೆ ಮನುಷ್ಯರೇ ಆಗಿಬಿಡುತ್ತಿದ್ದರು. ಗದ್ದ ಮೇಲೆ, ಎರಡೂ ಕೈ ತೊಡೆಯ ಮೇಲೆ, ತುಟಿ ಬಿಗಿ. ಪಾಸ್‌ಪೋರ್ಟ್ ಫೋಟೊಗೆ ಕೂತ ಹಾಗೆ. ನನ್ನ ಹತ್ತಿರ ಅವರ ಫೋಟೊ ರಾಶಿ ಇತ್ತು. ಒಂದರಲ್ಲೂ ಮನೆಯಲ್ಲಿ ನಾವು ದಿನಾ ನೋಡುವ ಅಪ್ಪ ಕಾಣಿಸುತ್ತಿರಲಿಲ್ಲ.

ಅದೇ ಹೊತ್ತಿಗೆ ನನಗೆ ಜೇನ್ ಬೌನ್ ಅವರ ಚಿತ್ರಗಳ ಹುಚ್ಚು ಹಿಡಿಯಿತು. ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆಗೆ 1949ರಿಂದ ದಶಕಗಟ್ಟಲೆ ಫೋಟೊ ತೆಗೆದವರು ಅವರು. 2014ರಲ್ಲಿ ತೀರಿಕೊಂಡರು. ಪತ್ರಿಕೆಗೆ ತೆಗೆದ ಮೊದಲ ಪೋರ್ಟ್ರೇಟೇ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರದು. ಹೆಸರಾದ ಚಿತ್ರಗಳೆಲ್ಲ ಬಹುಪಾಲು ಕಪ್ಪು-ಬಿಳುಪು, ಇದ್ದ ಬೆಳಕಿನಲ್ಲೇ ತೆಗೆದವು. ಒಲಿಂಪಸ್ ಓಎಂ-1 ಕ್ಯಾಮೆರಾವನ್ನು ಶಾಪಿಂಗ್ ಬ್ಯಾಗಿಗೆ ಹಾಕಿಕೊಂಡು ಹೊರಡುತ್ತಿದ್ದರಂತೆ. ಬೆಳಕು ಅಳೆಯುವ ಲೈಟ್ ಮೀಟರ್ ನೆಚ್ಚಿಕೊಂಡವರಲ್ಲ. ತಮ್ಮ ಕೈಯ ಹಿಂಬದಿಯ ಮೇಲೆ ಬೆಳಕು ಹೇಗೆ ಬೀಳುತ್ತಿದೆ ಅಂತ ನೋಡಿ, ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಅನ್ನುವ ಎಕ್ಸ್‌ಪೋಶರ್ ಅಂದಾಜು ಮಾಡುತ್ತಿದ್ದರು.

ಅವರು 1976ರಲ್ಲಿ ತೆಗೆದ ನಾಟಕಕಾರ ಸಾಮ್ಯುಯೆಲ್ ಬೆಕೆಟ್ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬೆಕೆಟ್‌ಗೆ ಫೋಟೊ ಬೇಡವಾಗಿತ್ತು. ಬೌನ್ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನ ಹಿಂಬಾಗಿಲ ಹತ್ತಿರ ಕಾದು, ಹೊರಗೆ ಬಂದವರನ್ನು ಅಲ್ಲೇ ಓಣಿಯಲ್ಲಿ ನಿಲ್ಲಿಸಿದರು. ತೆಗೆದಿದ್ದು ಐದೇ ಫ್ರೇಮ್. ಇವತ್ತು ನಾವೆಲ್ಲ ನೋಡುವ ಚಿತ್ರ ಅದರಲ್ಲಿ ಮೂರನೆಯದು.

ನಾನು ಮಾತ್ರ ಶುರುವಿನಲ್ಲಿ ಇದನ್ನು ತಪ್ಪಾಗಿ ಅರ್ಥ ಮಾಡಿಕೊಂಡೆ. ಸಹಜವಾಗಿ ಬರಬೇಕು ಅಂದರೆ ಗೊತ್ತಾಗದ ಹಾಗೆ ತೆಗೆಯಬೇಕು ಅಂದುಕೊಂಡೆ. ಉದ್ದನೆಯ ಲೆನ್ಸ್ ಹಾಕಿ, ಪಕ್ಕದ ರೂಮಿನ ಬಾಗಿಲ ಸಂದಿಯಿಂದ ಅಪ್ಪನನ್ನು ತೆಗೆದೆ. ಬಂದಿದ್ದೇನು? ಕಿವಿ, ಕೆನ್ನೆ, ಬಗ್ಗಿದ ತಲೆ. ಯಾರೋ ದೂರದವರು ತೆಗೆದ ಹಾಗಿತ್ತು. ಆಮೇಲೆ ಒಂದು ರಾತ್ರಿ ಬೆಕೆಟ್ ಚಿತ್ರ ನೋಡುತ್ತಾ ಕೂತಾಗ ಹೊಳೆಯಿತು. ಅವರು ನೇರ ಲೆನ್ಸನ್ನೇ ನೋಡುತ್ತಿದ್ದಾರೆ! ಫೋಟೊ ತೆಗೆಯುತ್ತಿದ್ದಾರೆ ಅಂತ ಅವರಿಗೆ ಪೂರ್ತಿ ಗೊತ್ತು. ಆದರೂ ಆ ಮುಖದಲ್ಲಿ ಏನೂ ನಟನೆ ಇಲ್ಲ. ಅಂದರೆ ಕದ್ದು ತೆಗೆಯುವುದಕ್ಕೂ ಸಹಜತೆಗೂ ಸಂಬಂಧವೇ ಇಲ್ಲ, ಅಲ್ವಾ? ಆವತ್ತಿನಿಂದ ಬಾಗಿಲ ಸಂದಿ ಬಿಟ್ಟೆ. ಯಾರನ್ನೇ ಆಗಲಿ, ಹೇಳಿ, ಒಪ್ಪಿಸಿ, ಎದುರು ಕೂತೇ ತೆಗೆಯುತ್ತೇನೆ.

ಬೌನ್ ಬಹಳ ಸಲ ಬಳಸಿದ ಸೆಟ್ಟಿಂಗ್ ಸೆಕೆಂಡಿನ 1/60 ಭಾಗ ತೆರೆದಿರುವ ಶಟರ್, ಎಫ್/2.8 ಅಪರ್ಚರ್ (ಬೆಳಕು ಒಳಬರುವ ರಂಧ್ರದ ಅಳತೆ), 85 ಎಂಎಂ ಲೆನ್ಸ್. ನನ್ನದು ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ. ಅದಕ್ಕೆ 50 ಎಂಎಂ ಲೆನ್ಸ್ ಹಾಕಿದರೆ 75-80 ಎಂಎಂನ ನೋಟ ಸಿಗುತ್ತದೆ, ಸಾಕು. ಎಫ್/2.8 ಹಾಗೇ ಇಟ್ಟುಕೊಂಡೆ. ಆದರೆ 1/60 ನನ್ನ ಕೈಗೆ ಒಗ್ಗಲಿಲ್ಲ. ಮೊದಲ ವಾರದ ಚಿತ್ರಗಳು ಮುಕ್ಕಾಲು ಪಾಲು ಅಲುಗಿದ್ದವು. 1/125ಕ್ಕೆ ಬಂದೆ, ಬೆಳಕು ಕಡಿಮೆಯಾದರೆ ಸೆನ್ಸರಿನ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸಿದೆ. ಸ್ವಲ್ಪ ಗ್ರೇನ್ (ಕಾಳುಕಾಳು) ಬಂದರೆ ಬರಲಿ. ಅಲುಗಿದ ಕಣ್ಣಿಗಿಂತ ಅದು ಎಷ್ಟೋ ವಾಸಿ. ಒಂದು ಮೀಟರ್ ಹತ್ತಿರ ಹೋದರೆ ಈ ಸೆಟ್ಟಿಂಗಿನಲ್ಲಿ ಸ್ಪಷ್ಟವಾಗಿ ಉಳಿಯುವುದು ಹೆಚ್ಚೆಂದರೆ ನಾಲ್ಕೈದು ಸೆಂಟಿಮೀಟರ್ ಆಳ. ಅದಕ್ಕೇ ಫೋಕಸ್ ಯಾವಾಗಲೂ ನನಗೆ ಹತ್ತಿರ ಇರುವ ಕಣ್ಣಿನ ಮೇಲೆ.

ಸೆಟ್ಟಿಂಗ್ ಒಮ್ಮೆ ಕೂತ ಮೇಲೆ ಅದನ್ನು ಮುಟ್ಟುವುದಿಲ್ಲ. ಇದರ ಲಾಭ ನನಗೆ ನಿಧಾನಕ್ಕೆ ಗೊತ್ತಾಯಿತು. ಮೊದಲೆಲ್ಲ ನಾನು ಡಯಲ್ ತಿರುಗಿಸುತ್ತಾ ಕ್ಯಾಮೆರಾ ನೋಡುತ್ತಿದ್ದೆ. ಎದುರಿಗಿದ್ದವರು ನನ್ನನ್ನು ನೋಡುತ್ತಾ ಬಿಗಿಯಾಗುತ್ತಿದ್ದರು. ಈಗ ನಾನೂ ಅವರನ್ನೇ ನೋಡುತ್ತೇನೆ.

ಇನ್ನು ಬೆಳಕು. ನಿಜವಾದ ಕೆಲಸ ಇರುವುದು ಇಲ್ಲೇ. ಕೂರಿಸುವ ಮೊದಲು ಮುಖ ಬರುವ ಜಾಗದಲ್ಲಿ ನನ್ನ ಮುಷ್ಟಿ ಹಿಡಿದು ನೋಡುತ್ತೇನೆ. ಬೌನ್ ಕೈ ನೋಡುತ್ತಿದ್ದಿದ್ದು ಎಕ್ಸ್‌ಪೋಶರಿಗೆ. ನಾನು ನೋಡುವುದು ಬೆಳಕಿನ ದಿಕ್ಕಿಗೆ. ಕಿಟಕಿಗೆ ಎದುರಾಗಿ ಹಿಡಿದರೆ ಮುಷ್ಟಿ ಚಪ್ಪಟೆಯಾಗಿ ಕಾಣುತ್ತದೆ. ಮೆಲ್ಲಗೆ ಪಕ್ಕಕ್ಕೆ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಗೆಣ್ಣುಗಳು ಎದ್ದು ಕಾಣುತ್ತವೆ, ನರಗಳು ಮೂಡುತ್ತವೆ, ಚರ್ಮದ ಸಣ್ಣ ಗೆರೆಗಳೂ ಕಾಣುತ್ತವೆ. ಅಲ್ಲಿಗೆ ನಿಲ್ಲಿಸುತ್ತೇನೆ. ಕುರ್ಚಿ ಇಡುವುದು ಆ ಕೋನದಲ್ಲೇ. ಗೆಣ್ಣಿನ ನೆರಳಿನ ಅಂಚು ಚಾಕುವಿನ ಹಾಗೆ ಚೂಪಾಗಿದ್ದರೆ ಬಿಸಿಲು ನೇರ ಬರುತ್ತಿದೆ ಅಂತ ಅರ್ಥ. ತೆಳು ಪರದೆ ಎಳೆದರೆ ಸರಿಹೋಗುತ್ತದೆ. ರೂಮಿನ ಟ್ಯೂಬ್‌ಲೈಟ್ ಆರಿಸಲೇಬೇಕು. ಇಲ್ಲದಿದ್ದರೆ ಕಿಟಕಿ ಮಾಡಿಕೊಟ್ಟ ನೆರಳನ್ನೆಲ್ಲ ಅದು ಅಳಿಸಿಬಿಡುತ್ತದೆ. ಕೆಲವರು ನೆರಳಿನ ಕಡೆ ಬಿಳಿ ಹಾಳೆ ಹಿಡಿಸುತ್ತಾರೆ. ನನಗೆ ಅದು ಇಷ್ಟವಿಲ್ಲ. ಮುಖದ ಅರ್ಧ ಕತ್ತಲಲ್ಲೇ ಇರಲಿ.

ಒಂದು ಸಲಕ್ಕೆ 24 ಫ್ರೇಮ್ ಅಂತ ಮಿತಿ ಹಾಕಿಕೊಂಡಿದ್ದೇನೆ. ಬೀಪ್ ಸದ್ದು ಆಫ್. ತೆಗೆದ ಚಿತ್ರ ಸ್ಕ್ರೀನಿನಲ್ಲಿ ಬರದ ಹಾಗೆ ಅದನ್ನೂ ಆಫ್. ನಡುವೆ ಸ್ಕ್ರೀನ್ ನೋಡಿದರೆ ಮಾತು ತುಂಡಾಗುತ್ತದೆ, ಆಮೇಲೆ ಅವರೂ ತೋರಿಸು ಅನ್ನುತ್ತಾರೆ. ತಮ್ಮ ಮುಖ ನೋಡಿಕೊಂಡವರು ಮುಂದಿನ ಫೋಟೊಗೆ ಅದನ್ನು ತಿದ್ದಿಕೊಳ್ಳಲು ಹೊರಡುತ್ತಾರೆ.

ಅಪ್ಪನನ್ನು ಹೀಗೆ ಕೂರಿಸಿದ್ದು ಒಂದು ಬೆಳಿಗ್ಗೆ. ಮೊದಲ ಎಂಟು ಫ್ರೇಮ್ ಅದೇ ಪಾಸ್‌ಪೋರ್ಟ್ ಮುಖ. ನಾನು ಸುಮ್ನೆ ತೆಗೆಯುತ್ತಾ ಹೋದೆ, "ನಗಿ" ಅನ್ನಲಿಲ್ಲ. ಆಮೇಲೆ ಕ್ಯಾಮೆರಾ ಎದೆ ಮಟ್ಟಕ್ಕೆ ಇಳಿಸಿ, ಅವರ ಹಳೆಯ ಸೈಕಲ್ಲಿನ ಚೈನ್ ಯಾವಾಗಲೂ ಯಾಕೆ ಕಳಚುತ್ತಿತ್ತು ಅಂತ ಕೇಳಿದೆ. ಗೊತ್ತಿಲ್ಲದೆ ಕೇಳಿದ್ದು, ನೆಪಕ್ಕಲ್ಲ. ಅಪ್ಪ ವಿವರಿಸಲು ಶುರು ಮಾಡಿದರು. ಕೈಗಳು ತೊಡೆ ಬಿಟ್ಟು ಮೇಲೆ ಬಂದವು, ಗಾಳಿಯಲ್ಲೇ ಚೈನ್ ಎಳೆದವು. ನಡುವೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ, ಮಾತು ನಿಲ್ಲಿಸಿ, ನನ್ನ ಕಡೆ ನೋಡಿದರು. ಕನ್ನಡಕ ಇಲ್ಲದ ಕಣ್ಣಿಗೆ ನಾನು ಸರಿಯಾಗಿ ಕಂಡಿರಲಾರೆ. ಮೂಗಿನ ಎರಡು ಕಡೆ ಕನ್ನಡಕ ಒತ್ತಿದ ಗುರುತು, ಒಂದು ಕಡೆ ಬೆಳಕಿನಲ್ಲಿ, ಇನ್ನೊಂದು ಕಡೆ ನೆರಳಲ್ಲಿ. ಕ್ಯಾಮೆರಾ ಎತ್ತಿ ಎರಡು ಸಲ ಕ್ಲಿಕ್ ಮಾಡಿದೆ. ಎರಡನೆಯದರಲ್ಲಿ ಫೋಕಸ್ ರೆಪ್ಪೆಯಿಂದ ಕಿವಿಗೆ ಜಾರಿದೆ. ಮೊದಲನೆಯದು ಉಳಿಯಿತು. ಪ್ರಿಂಟ್ ಹಾಕಿಸಿ ಅಮ್ಮನಿಗೆ ಕೊಟ್ಟೆ. ಅವರು ಅದನ್ನು ಗೋಡೆಗೆ ಹಾಕಲಿಲ್ಲ, ತಮ್ಮ ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡರು.

ಈಗ ಇಬ್ಬರನ್ನೂ ಒಟ್ಟಿಗೆ ತೆಗೆಯಲು ಒದ್ದಾಡುತ್ತಿದ್ದೇನೆ. ಒಬ್ಬರಿಗೆ ಕಿಟಕಿ ಸಿಕ್ಕರೆ ಇನ್ನೊಬ್ಬರ ಮೇಲೆ ಅವರ ನೆರಳು ಬೀಳುತ್ತದೆ. ಎಫ್/2.8ರಲ್ಲಿ ಎರಡು ಜೊತೆ ಕಣ್ಣು ಒಂದೇ ಫೋಕಸಿಗೆ ಸಿಗುವುದಿಲ್ಲ. ಎಫ್/4ಕ್ಕೆ ಇಳಿದು, ಅಂದರೆ ರಂಧ್ರ ಇನ್ನೂ ಕಿರಿದಾಗಿಸಿ ಸ್ಪಷ್ಟತೆಯ ಆಳ ಹೆಚ್ಚಿಸಿ, ಅಮ್ಮನನ್ನು ಕಿಟಕಿಯಿಂದ ಸ್ವಲ್ಪ ಹಿಂದಕ್ಕೆ ಕೂರಿಸಿ ನೋಡಬೇಕು. ನಿನ್ನೆ ಸಂಜೆ ಎರಡೂ ಕೈಯ ಮುಷ್ಟಿ ಅಕ್ಕಪಕ್ಕ ಹಿಡಿದುಕೊಂಡು ಆ ಕೋನವನ್ನೇ ಹುಡುಕುತ್ತಿದ್ದೆ.