ಒಂಬತ್ತನೇ ನಂಬರಿನ ಜೆರ್ಸಿ: ಒಬ್ಬರೇ ಆಡುವ ನಾಟಕ ಕಟ್ಟುವುದು ಹೇಗೆ

ನಾಟಕ ಬರೆಯಲು ಕೂರುವ ಮೊದಲು ಮೈದಾನಕ್ಕೆ ಹೋಗಿ. ಪೆನ್ನು ಬೇಡ. ನಾನು ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಒಂದು ವಾರ ಬೆಳಿಗ್ಗೆ ಆರಕ್ಕೇ ಹೋಗಿ ಕೂತಿದ್ದೆ. ಹುಡುಗರು ಒಬ್ಬರನ್ನೊಬ್ಬರು ಹೇಗೆ ಮುಟ್ಟುತ್ತಾರೆ ಅನ್ನೋದನ್ನಷ್ಟೇ ನೋಡಿದೆ. ಗೆದ್ದರೆ ತಬ್ಬಿಕೊಳ್ಳುತ್ತಾರೆ. ಕಾಲು ಹಿಡಿದುಕೊಂಡರೆ ತೊಡೆ ಉಜ್ಜುತ್ತಾರೆ. ಒಬ್ಬನ ಹೆಗಲಿಗೆ ಇನ್ನೊಬ್ಬ ತಲೆ ಆನಿಸಿ ಕೂರುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. ಗೇಟು ದಾಟಿದ ಮೇಲೆ ಅದೇ ಕೈ ಸ್ವಲ್ಪ ಜಾಸ್ತಿ ಹೊತ್ತು ಹಿಡಿದುಕೊಂಡರೆ ಹಿಂದಿನಿಂದ ಒಂದು ಮಾತು ಬರುತ್ತದೆ. ನಿಮ್ಮ ನಾಟಕ ಶುರುವಾಗಬೇಕಾದ್ದು ಆ ಗೇಟಿನ ಹತ್ತಿರ.

ನಾನು ಗುಬ್ಬಿ ತಾಲ್ಲೂಕಿನವನು. ಹೈಸ್ಕೂಲಿನಿಂದ ಇಪ್ಪತ್ಮೂರು ವರ್ಷದವರೆಗೂ ಕಬಡ್ಡಿ ಆಡಿದೆ, ರೈಡರ್ ಆಗಿದ್ದೆ. ನನಗೆ ಮನಸ್ಸಾದದ್ದು ನಮ್ಮ ತಂಡದ ಹುಡುಗನೊಬ್ಬನ ಮೇಲೆ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಮೊದಲ ಸಲ ಹೇಳಿದ್ದು ರಂಗದ ಮೇಲೆ. ಈವರೆಗೆ 19 ಪ್ರದರ್ಶನ ಆಗಿದೆ. ಇಂಥ ನಾಟಕ ಮಾಡಬೇಕು ಅಂತ ನಾಲ್ಕಾರು ಹುಡುಗರು ಕೇಳಿದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಆಟ ಸರಿಯಾಗಿರಲಿ. ನಮ್ಮ ಕಡೆಯ ಪ್ರೇಕ್ಷಕರಲ್ಲಿ ಅರ್ಧ ಜನ ಕಬಡ್ಡಿ ಆಡಿದವರು, ಇನ್ನರ್ಧ ನೋಡಿದವರು. ನೀವು ತಪ್ಪು ಕಾಲು ಮುಂದಿಟ್ಟರೆ ಅಲ್ಲೇ ನಂಬಿಕೆ ಕಳೆದುಕೊಳ್ಳುತ್ತೀರಿ. ಆಟ ನಂಬಿದವರು ಮುಂದಿನ ಮಾತನ್ನೂ ಕೇಳುತ್ತಾರೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದು ಯಾವ ಸಣ್ಣ ವೇದಿಕೆಗೂ ಹಿಡಿಸುವುದಿಲ್ಲ. ಆದರೆ ನಡುಗೆರೆಯಿಂದ ಬಾಕ್ ಲೈನಿಗೆ, ಅಂದರೆ ಎದುರಾಳಿ ಕಡೆ ರೈಡರ್ ದಾಟಬೇಕಾದ ಗೆರೆಗೆ, ಇರುವುದು 3.75 ಮೀಟರ್ ಮಾತ್ರ. ಅಷ್ಟು ಜಾಗ ಸಾಕು. ಆ ಎರಡು ಗೆರೆ ಎಳೆಯಿರಿ. ಸುಣ್ಣದ ಪುಡಿ ಮಾತ್ರ ಬೇಡ, ಮರದ ಹಲಗೆ ಮೇಲೆ ಜಾರುತ್ತದೆ. ಬಿಳಿ ಬಟ್ಟೆ ಟೇಪ್ ಒಳ್ಳೆಯದು.

ಒಂದು ರೈಡಿಗೆ 30 ಸೆಕೆಂಡು. ಎದುರಾಳಿ ಕಡೆ ಹೋಗಬೇಕು, ಬಾಕ್ ಲೈನ್ ದಾಟಬೇಕು, ‘ಕಬಡ್ಡಿ ಕಬಡ್ಡಿ’ ನಿಲ್ಲಬಾರದು, ವಾಪಸ್ ಬರಬೇಕು. ನನ್ನ ನಾಟಕದ ಕಟ್ಟಡ ಇದೇ. ಪ್ರತಿ ದೃಶ್ಯವೂ ಒಂದು ರೈಡು. ನೆನಪಿನೊಳಗೆ ಹೋಗುತ್ತೇನೆ, ಏನನ್ನೋ ಮುಟ್ಟುತ್ತೇನೆ, ನಡುಗೆರೆಗೆ ಬರುತ್ತೇನೆ. ಕೊನೆಯ ಒಂದರಲ್ಲಿ ಮಾತ್ರ ವಾಪಸ್ ಬರುವುದಿಲ್ಲ. ನೀವು ಹಾಕಿಯವರೋ ಓಟಗಾರರೋ ಆಗಿದ್ದರೆ ನಿಮ್ಮ ಆಟದ ನಿಯಮದಲ್ಲೇ ಹುಡುಕಿ, ಅಲ್ಲೊಂದು ಕಟ್ಟಡ ಇದ್ದೇ ಇರುತ್ತದೆ.

ಉಸಿರಿಗೆ ಮೂರು ತಿಂಗಳು ಇಟ್ಟುಕೊಳ್ಳಿ. ನಾನು ಸಂಜೆ ಅಮಾನಿಕೆರೆ ಸುತ್ತ ನಡೆಯುತ್ತಾ ಒಂದೇ ಉಸಿರಲ್ಲಿ ಕಬಡ್ಡಿ ಹೇಳಿ, ಉಸಿರು ಮುಗಿಯುವ ಹೊತ್ತಿಗೆ ಒಂದು ಸಾಲು ಮಾತು ಹೇಳುತ್ತಿದ್ದೆ. ಉಸಿರು ತುಂಬಿಕೊಂಡು ‘ನಂಗೆ ಅವನು ಇಷ್ಟ’ ಅಂದರೆ ಭಾಷಣ ಆಗುತ್ತದೆ. ಉಸಿರಿನ ಕೊನೆಯಲ್ಲಿ ಅಂದರೆ ಬೇರೇನೇ ಆಗುತ್ತದೆ. ಒಂದು ಸಲ ಮಾಡಿ ನೋಡಿ, ಗೊತ್ತಾಗುತ್ತದೆ.

ಹಲವು ಪಾತ್ರ ಒಬ್ಬರೇ ಮಾಡಬೇಕಲ್ಲ, ಅದಕ್ಕೆ ಕಣ್ಣಿನ ಎತ್ತರ ಬದಲಿಸಿ. ಕೋಚ್ ಕೆಳಗೆ ನೋಡುತ್ತಾನೆ, ಹುಡುಗ ಮೇಲೆ ನೋಡುತ್ತಾನೆ, ಅಮ್ಮ ಒಲೆ ಕಡೆ ನೋಡುತ್ತಾ ಮಾತಾಡುತ್ತಾಳೆ. ಅಮ್ಮನಿಗೆ ಕೀರಲು ದನಿ ಬೇಡ. ಹುಡುಗನನ್ನು ಇಷ್ಟಪಡುವ ಹುಡುಗ ಅಂತ ತೋರಿಸಲು ಸೊಂಟ ಬಳುಕಿಸುವುದಂತೂ ಬೇಡವೇ ಬೇಡ. ಹಾಸ್ಯದ ಪಾತ್ರಗಳಲ್ಲಿ ಅದನ್ನೇ ಮಾಡಿ ಮಾಡಿ ಜನರ ನಗೆ ಅಲ್ಲೇ ಕಾಯುತ್ತಾ ಕೂತಿರುತ್ತದೆ. ನಡೆಯುವ ರೀತಿ ಮೃದುವಾಗಿರುವ ಹುಡುಗರು ಖಂಡಿತ ಇದ್ದಾರೆ, ಅವರಿಗೆ ನಾಟಕದಲ್ಲಿ ಜಾಗ ಬೇಕು. ಆದರೆ ಜನರನ್ನು ನಗಿಸುವುದಕ್ಕೆ ಅವರನ್ನು ಬಳಸಬೇಡಿ.

ಒಂದು ವಿಷಯ ನನ್ನನ್ನು ಬಹಳ ಕಾಡಿದೆ. ನಮ್ಮದು ಗುಬ್ಬಿ ಕಂಪನಿಯ ನೆಲ. 1884ರಲ್ಲಿ ಶುರುವಾದ ಕಂಪನಿ ಅದು, ಆಗೆಲ್ಲ ಹೆಣ್ಣು ಪಾತ್ರ ಗಂಡಸರೇ ಮಾಡುತ್ತಿದ್ದರು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಇಟ್ಟುಕೊಂಡು, ಪಾತ್ರಕ್ಕೆ ಇಷ್ಟು ಅಂತ ದುಡ್ಡು ಹಾಕಿ ಪೌರಾಣಿಕ ನಾಟಕ ಆಡುತ್ತಾರೆ. ದುರ್ಯೋಧನ ತೊಡೆ ತಟ್ಟಿದರೆ ಶಿಳ್ಳೆ. ಬೃಹನ್ನಳೆಯಾಗಿ ಅರ್ಜುನ ಬಂದರೂ ಅವನು ವೀರನೇ ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಆಟದ ಮೈದಾನದಲ್ಲಿ ಮಾತ್ರ ಆ ತಿಳಿವಳಿಕೆ ಎಲ್ಲಿ ಹೋಗುತ್ತದೋ. ನಾನು ನನ್ನ ಮೂರನೇ ರೈಡಿನಲ್ಲಿ ತೊಡೆ ತಟ್ಟುತ್ತಾ ಬರುತ್ತೇನೆ. ಮೊದಲು ಕಬಡ್ಡಿ ಆಟಗಾರನ ತಟ್ಟು, ಆಮೇಲೆ ದುರ್ಯೋಧನನದು, ಕೊನೆಗೆ ಕೋಣೆಯಲ್ಲಿ ಒಬ್ಬನೇ ಕೂತು ತನ್ನ ತೊಡೆಗೇ ಹೊಡೆದುಕೊಳ್ಳುವ ಹುಡುಗನದು. ಮಾತೇ ಇಲ್ಲ. ಇಡೀ ನಾಟಕದಲ್ಲಿ ಜನ ಉಸಿರು ಹಿಡಿದು ನೋಡುವುದು ಇದನ್ನೇ.

ಬೈಗುಳದ ವಿಷಯಕ್ಕೆ ಬರೋಣ. ‘ಬಳೆ ಹಾಕ್ಕೊಂಡು ಮನೇಲಿ ಕೂತ್ಕೋ’ ಅನ್ನೋದು ನಮ್ಮಲ್ಲಿ ಪ್ರತಿ ಮೈದಾನದಲ್ಲೂ ಕೇಳಿಸುತ್ತದೆ. ಅದಕ್ಕಿಂತ ಕೆಟ್ಟದ್ದು ‘ಒಂಬತ್ತು’, ನೀನು ಗಂಡಸೇ ಅಲ್ಲ ಅಂತ ಹೀಯಾಳಿಸುವ ಮಾತು. ನಮ್ಮ ತಂಡಕ್ಕೆ ಹೊಸ ಜೆರ್ಸಿ ಬಂದಾಗ ಒಂಬತ್ತನೇ ನಂಬರನ್ನು ಯಾರೂ ಮುಟ್ಟಲಿಲ್ಲ. ಮೂಟೆಯ ತಳದಲ್ಲೇ ಉಳಿಯಿತು. ಒಬ್ಬ ಹೊಸ ಹುಡುಗ ಗೊತ್ತಿಲ್ಲದೆ ಹಾಕಿಕೊಂಡ, ಆ ವರ್ಷ ಪೂರ್ತಿ ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ನನ್ನ ನಾಟಕದಲ್ಲಿ ಆ ಜೆರ್ಸಿ ಹಗ್ಗದ ಮೇಲೆ ಒಣಗುತ್ತಿರುತ್ತದೆ. ಪದವನ್ನು ಒಂದೇ ಒಂದು ಸಲ, ಕೋಚ್ ಬಾಯಲ್ಲಿ ಹೇಳಿಸಿದ್ದೇನೆ. ಹತ್ತು ಸಲ ಹೇಳಿದರೆ ಅದು ಬರೀ ಸದ್ದಾಗುತ್ತದೆ. ಸಭೆಯಲ್ಲಿ ಅದನ್ನು ನಿತ್ಯ ಕೇಳುವವರು ಕೂತಿರುತ್ತಾರೆ ಅನ್ನೋದೂ ನೆನಪಿರಲಿ.

ಆ ಮಾತಿಗೆ ಕೆಲವರು ನಗುತ್ತಾರೆ. ಗಾಬರಿಯಾಗಿ ಮುಂದಕ್ಕೆ ಓಡಬೇಡಿ. ನಿಂತು, ನಗು ಮುಗಿಯುವವರೆಗೂ ಜೆರ್ಸಿ ನೋಡಿ. ಯಾವ ಊರಲ್ಲೂ ಆ ನಗು ತುಂಬ ಹೊತ್ತು ಉಳಿದದ್ದನ್ನು ನಾನು ನೋಡಿಲ್ಲ.

ವಸ್ತು ಕಡಿಮೆ ಇರಲಿ. ನನ್ನ ಹತ್ತಿರ ಇರುವುದು ಒಂದು ಟವೆಲ್, ಜೆರ್ಸಿ, ವಿಸಿಲ್, ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಔಟಾದವರು ಕೂರುವ ಜಾಗ. ಕಬಡ್ಡಿಯಲ್ಲಿ ಔಟಾದವನು ಅಲ್ಲಿ ಕಾಯುತ್ತಾನೆ, ತನ್ನ ತಂಡ ಎದುರಾಳಿಗಳನ್ನು ಔಟ್ ಮಾಡಿದಷ್ಟು ಜನ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ತಂಡದವರೇ ಕರೆದುಕೊಳ್ಳಬೇಕು. ಬೆಳಕು ಎರಡು ಬಗೆಯದು ಸಾಕು. ಆಟಕ್ಕೆ ಬಿಳಿ, ಮನೆಗೆ ಒಂದು ಹಳದಿ ಬಲ್ಬು. ಕಾಲರ್ ಮೈಕ್ ಹಾಕಬೇಡಿ, ತೊಡೆ ತಟ್ಟಿದಾಗ, ಬಿದ್ದಾಗ ಕಿವಿ ಒಡೆಯುವ ಸದ್ದು ಬರುತ್ತದೆ. ಮೊಣಕಾಲಿಗೆ ಪಟ್ಟಿ ಕಟ್ಟಿ. 52 ನಿಮಿಷ ದಾಟಿಸಬೇಡಿ, ಅದರ ಮೇಲೆ ನನ್ನ ಮೈ ಸುಳ್ಳು ಹೇಳತೊಡಗುತ್ತದೆ.

ನಿಮ್ಮ ಕಥೆಯಲ್ಲಿ ಇನ್ನೊಬ್ಬರು ಇದ್ದರೆ, ಅವರನ್ನು ಕೇಳದೆ ಒಂದು ಸಾಲನ್ನೂ ರಂಗಕ್ಕೆ ತರಬೇಡಿ. ನನ್ನ ಗೆಳೆಯನಿಗೆ ಈಗ ಹೆಂಡತಿ, ಮಕ್ಕಳಿದ್ದಾರೆ. ಅವನ ಊರು, ಆಡುತ್ತಿದ್ದ ಜಾಗ, ಮೈಕಟ್ಟು ಎಲ್ಲ ಬದಲಿಸಿದೆ. ಆದರೂ ಸಾಲದು ಅನ್ನಿಸಿತು. ಒಂದು ರಾತ್ರಿ ಫೋನಿನಲ್ಲಿ ಪೂರ್ತಿ ಓದಿದೆ. ಬಸ್ಸಿನ ದೃಶ್ಯ ತೆಗೆದುಬಿಡು ಅಂದ. ನಾನು ಬರೆದದ್ದರಲ್ಲೆಲ್ಲ ಚೆನ್ನಾಗಿದ್ದದ್ದು ಅದೇ. ತೆಗೆದೆ. ಆ ಜಾಗದಲ್ಲಿ ಈಗ ಖಾಲಿ ಕುರ್ಚಿ ಇದೆ, ಇಪ್ಪತ್ತು ಸೆಕೆಂಡು ಅದರ ಕಡೆ ನೋಡುತ್ತೇನೆ ಅಷ್ಟೇ.

ಉಪದೇಶ ಬೇಡ. ನನ್ನ ಮೊದಲ ಪ್ರದರ್ಶನ ಒಂದು ಕಾಲೇಜಿನಲ್ಲಿ ಆಯಿತು. ಕೊನೆಯ ಹತ್ತು ನಿಮಿಷ ನಾನು ಕಾನೂನು, ಇತಿಹಾಸ ಎಲ್ಲ ಹೇಳಿದೆ. ಹುಡುಗರು ಎದ್ದು ಹೋದರು. ಈಗ ಅವೆಲ್ಲವನ್ನೂ ನಾಟಕದ ನಂತರದ ಮಾತುಕತೆಗೆ ಇಟ್ಟುಕೊಂಡಿದ್ದೇನೆ. ‘ಇದು ಫಾರಿನ್ನಿನ ವಿಷಯ, ನಮ್ಮಲ್ಲಿಲ್ಲ’ ಅಂತ ಒಬ್ಬರಾದರೂ ಅನ್ನುತ್ತಾರೆ. ಆಗ ದ್ಯುತಿ ಚಂದ್ ಬಗ್ಗೆ ಹೇಳುತ್ತೇನೆ. ಒಡಿಶಾದ ನೇಕಾರರ ಮನೆಯ ಹುಡುಗಿ, 2018ರ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ ಗೆದ್ದವರು. ತನಗೆ ಒಬ್ಬಳು ಸಂಗಾತಿ ಇದ್ದಾಳೆ ಅಂತ 2019ರಲ್ಲಿ ಎಲ್ಲರ ಎದುರು ಹೇಳಿದರು. ಇಂಥ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ಕ್ಕೆ. ಒಪ್ಪಿಗೆ ಇರುವ ದೊಡ್ಡವರ ಸಂಬಂಧ ಅಪರಾಧ ಅಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಸ್ಟಿನ್ ಫಶಾನು ತಾನು ಗೇ ಅಂತ 1990ರಲ್ಲೇ ಹೇಳಿಕೊಂಡಿದ್ದರು. ಕಬಡ್ಡಿ ಏಷ್ಯನ್ ಗೇಮ್ಸ್ ಸೇರಿದ್ದೂ ಅದೇ ವರ್ಷ. ಫಶಾನು 1998ರಲ್ಲಿ ಜೀವ ತೆಗೆದುಕೊಂಡರು. ಇದನ್ನು ಹೇಳುವಾಗ ನನ್ನ ದನಿ ಈಗಲೂ ನಡುಗುತ್ತದೆ. ಅದನ್ನು ನಾನು ಬಚ್ಚಿಡುವುದಿಲ್ಲ.

ಜಾಗ ಕೇಳುವಾಗ ವಿಷಯ ಮುಚ್ಚಿಡಬೇಡಿ. ಒಂದು ಊರಿನಲ್ಲಿ ನಾನು ‘ಕಬಡ್ಡಿ ನಾಟಕ’ ಅಂತಷ್ಟೇ ಹೇಳಿದ್ದೆ. ಮಧ್ಯಾಹ್ನ ವಿಷಯ ಗೊತ್ತಾಗಿ ಸಂಜೆಯ ಹೊತ್ತಿಗೆ ಬಾಗಿಲಿಗೆ ಬೀಗ ಬಿತ್ತು. ಅವತ್ತಿನಿಂದ ಪೂರ್ತಿ ಹೇಳಿ, ಒಪ್ಪಿದರೆ ಮಾತ್ರ ಹೋಗುತ್ತೇನೆ. ಜೊತೆಗೆ ಇಬ್ಬರು ಗೆಳೆಯರು ಇರಲೇಬೇಕು. ಒಬ್ಬರು ಬೆಳಕಿಗೆ, ಒಬ್ಬರು ಬಾಗಿಲಿಗೆ. ಬಾಗಿಲಲ್ಲಿ ಕೊಡುವ ಚೀಟಿಯಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಚ್ಚು ಹಾಕಿಸಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾಟಕ ಮುಗಿದ ಮೇಲೆ ಬೇಗ ಹೊರಡಬೇಡಿ. ಎಲ್ಲರೂ ಹೋದ ಮೇಲೂ ಕಂಬದ ಹತ್ತಿರ ಒಬ್ಬ ನಿಂತಿರುತ್ತಾನೆ. ಒಮ್ಮೊಮ್ಮೆ ಕೈಯಲ್ಲಿ ಕ್ರೀಡಾ ಹಾಸ್ಟೆಲಿನ ಬ್ಯಾಗ್ ಇರುತ್ತದೆ. ಹೆಸರು ಕೇಳಬೇಡಿ. ನೀನೂ ಹಾಗೇನಾ ಅಂತಂತೂ ಕೇಳಲೇಬೇಡಿ. ನಾನು ನೆಲದ ಟೇಪ್ ಕೀಳಲು ಶುರು ಮಾಡುತ್ತೇನೆ, ‘ಆ ತುದಿ ಸ್ವಲ್ಪ ಹಿಡ್ಕೊಳ್ತೀಯಾ?’ ಅನ್ನುತ್ತೇನೆ. ಅವನು ಬಂದು ಕೂತು ಹಿಡಿದುಕೊಳ್ಳುತ್ತಾನೆ. 3.75 ಮೀಟರ್ ದೂರದಿಂದ, ಬಗ್ಗಿಕೊಂಡು, ಮುಖ ನೋಡದೆ, ಮಾತು ಅಲ್ಲಿಂದ ಶುರುವಾಗುತ್ತದೆ.