ಹದಿನೈದು ಚುಕ್ಕಿ, ಎಂಟರವರೆಗೆ

ಸಂಖ್ಯಾ ವಿನ್ಯಾಸದ ಪಾಠದಲ್ಲಿ ನನಗೆ ಹಿಡಿಸದೇ ಇದ್ದದ್ದು ‘ಬಿಟ್ಟ ಸ್ಥಳ ತುಂಬಿ’ ಲೆಕ್ಕ. 2, 4, 8, ಮುಂದೇನು? ನಾವು ಕಾಯುವ ಉತ್ತರ 16. ನನ್ನ ನಾಲ್ಕನೇ ತರಗತಿಯ ಹುಡುಗನೊಬ್ಬ 14 ಅಂದ. ಹೇಗೋ ಅಂತ ಕೇಳಿದರೆ, “ಮೊದ್ಲು ಎರಡು ಕೂಡ್ದೆ ಮಿಸ್, ಆಮೇಲೆ ನಾಲ್ಕು, ಈಗ ಆರು.” ಅವನದ್ದೂ ಸರಿಯೇ. ಸಂಖ್ಯೆಗಳು ಎಲ್ಲಿಂದ ಬಂದವು ಅಂತ ಗೊತ್ತಿಲ್ಲದಿದ್ದರೆ ಮುಂದಿನದು ಇದೇ ಅಂತ ಹೇಳುವುದು ಹೇಗೆ? ಹಾಗಾಗಿ ಸರಣಿಯನ್ನು ನಾನು ಬೋರ್ಡಿನ ಮೇಲೆ ಬರೆದುಕೊಡುವುದನ್ನು ಬಿಟ್ಟು, ಮಕ್ಕಳ ಕೈಯಿಂದಲೇ ಹುಟ್ಟಿಸೋಣ ಅಂತ ಚುಕ್ಕಿ ರಂಗೋಲಿ ಹಿಡಿದೆ.

ಜಗಲಿಯ ಮೇಲೆ ಸೀಮೆಸುಣ್ಣ ಸಾಕು, ರಂಗೋಲಿ ಪುಡಿ ಬೇಡ; ಪುಡಿ ಕೊಟ್ಟರೆ ಲೆಕ್ಕ ಮರೆತು ಹೂ ಬಿಡಿಸಲು ಕೂರುತ್ತಾರೆ. ಹುಡುಗರು ಮೊದಲು ಮೂಗು ಮುರಿದರು. ಎಣಿಕೆ ಶುರುವಾದ ಮೇಲೆ ಸೀಮೆಸುಣ್ಣಕ್ಕೆ ಜಗಳವಾಡಿದವರೂ ಅವರೇ.

ನೇರ ಚುಕ್ಕಿಯಿಂದ, ಅಂದರೆ ಚುಕ್ಕಿಗಳು ಒಂದರ ಕೆಳಗೊಂದು ನೇರವಾಗಿ ಬರುವ ರಂಗೋಲಿಯಿಂದ, ಶುರು ಮಾಡಿದೆವು. ಒಂದು ಚುಕ್ಕಿ. ಆಮೇಲೆ ಮೂರು ಸಾಲಲ್ಲಿ 1-3-1, ಒಟ್ಟು 5. ಆಮೇಲೆ 1-3-5-3-1, ಒಟ್ಟು 13. ಅದರ ಮುಂದಿನದು 25. ಪ್ರತಿ ಸಲ ಎಷ್ಟು ಹೆಚ್ಚಾಯಿತು ಅಂತ ಪಕ್ಕದಲ್ಲಿ ಬರೆಸಿದೆ: 4, 8, 12. “ಮಿಸ್, ನಾಲ್ಕರ ಮಗ್ಗಿ!” ಅಂತ ಹಿಂದಿನಿಂದ ಕೂಗು ಬಂತು.

ಸಂದು ಚುಕ್ಕಿಗೆ ಬಂದಾಗ ಆಟ ಇನ್ನೂ ಚೆನ್ನಾಯಿತು. ಎರಡು ಚುಕ್ಕಿಗಳ ನಡುವಿನ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ ಇಡುವುದರಿಂದ ಆಕಾರ ಆರು ಮೂಲೆಯದಾಗುತ್ತದೆ. 2-3-2 ಅಂದರೆ 7. 3-4-5-4-3 ಅಂದರೆ 19. ಮುಂದಿನದನ್ನು ಇಡುವ ಮೊದಲೇ ಹೇಳಿ ಅಂದೆ. 1, 7, 19 ಬರೆದುಕೊಂಡು ವ್ಯತ್ಯಾಸ 6, 12 ಅಂತ ಕಂಡವರು 37 ಅಂದರು. ಇಟ್ಟು ಎಣಿಸಿದರು, 37.

ಅಲ್ಲಿಗೇ ನಿಲ್ಲಿಸಬಾರದು. ಆರೇ ಯಾಕೆ? ಈ ಪ್ರಶ್ನೆಗೆ ತುಂಬ ಹೊತ್ತು ಬಿಟ್ಟೆ. ಕೊನೆಗೆ ಒಬ್ಬಳು ಹೊರಗಿನ ಸುತ್ತಿನ ಚುಕ್ಕಿಗಳನ್ನಷ್ಟೇ ಬೇರೆ ಬಣ್ಣದಲ್ಲಿ ತಿದ್ದಿದಳು. ಮೊದಲ ಸುತ್ತಿನಲ್ಲಿ ಬರೀ ಆರು ಮೂಲೆ. ಎರಡನೆಯದರಲ್ಲಿ ಆರು ಮೂಲೆ, ಪಕ್ಕಕ್ಕೆ ಒಂದೊಂದರಂತೆ ಇನ್ನೂ ಆರು. ಮೂರನೆಯದರಲ್ಲಿ ಪಕ್ಕಕ್ಕೆ ಎರಡೆರಡು. “ಮೂಲೆ ಜಾಸ್ತಿ ಆಗಲ್ಲ ಮಿಸ್, ಪಕ್ಕ ಆರಲ್ಲೂ ಒಂದೊಂದು ಜಾಸ್ತಿ ಆಗುತ್ತೆ.” ಬೀಜಗಣಿತ ಅಂದರೆ ಇದೇ ಅಲ್ಲವೇ, ಅಕ್ಷರ ಒಂದು ಇಲ್ಲ ಅಷ್ಟೇ.

ಮಾರನೇ ದಿನ ಅದೇ ಹುಡುಗಿ ಅಜ್ಜಿಯ ಲೆಕ್ಕ ತಂದಳು: ಹದಿನೈದು ಚುಕ್ಕಿ, ಎಂಟರವರೆಗೆ. ಅಂದರೆ ಸಂದು ಚುಕ್ಕಿಯಲ್ಲಿ ನಡುವಿನ ಸಾಲಿಗೆ 15, ಅದರ ಮೇಲೂ ಕೆಳಗೂ ಸಾಲಿಗೊಂದರಂತೆ ಕಡಿಮೆಯಾಗುತ್ತಾ 8ರವರೆಗೆ. ಸಂಕ್ರಾಂತಿಗೆ ಎಷ್ಟೋ ಮನೆಗಳ ಮುಂದೆ ಇರುವ ರಂಗೋಲಿ. ಒಟ್ಟು ಚುಕ್ಕಿ ಎಷ್ಟು, ಇಡದೇ ಹೇಳಬೇಕು. ನಡುವಿನ ಸಾಲಲ್ಲಿ 15, ಮಧ್ಯದ ಒಂದನ್ನು ಬಿಟ್ಟರೆ ಆಚೆ ಏಳು, ಈಚೆ ಏಳು. ಹಾಗಾದರೆ ಸುತ್ತು ಏಳು. ಒಂದು ಗುಂಪು ಆರರ ಮಗ್ಗಿಯನ್ನು 42ರವರೆಗೆ ಬರೆದು ಎರಡು ತುದಿಯಿಂದ ಜೋಡಿ ಮಾಡಿತು: 6 ಮತ್ತು 42, 12 ಮತ್ತು 36, 18 ಮತ್ತು 30, ಮೂರೂ ಜೋಡಿ 48, ನಡುವೆ 24 ಒಂಟಿ. 168, ಮಧ್ಯದ ಚುಕ್ಕಿ ಸೇರಿ 169. ಇನ್ನೊಂದು ಗುಂಪು ಸಾಲು ಹಿಡಿದು 8ರಿಂದ 14ರವರೆಗೆ ಕೂಡಿ 77, ಅದರ ಎರಡರಷ್ಟು 154, ಜೊತೆಗೆ 15. ಅದೂ 169. ಯಾರ ದಾರಿ ಸುಲಭ ಅಂತ ಬೆಲ್ ಹೊಡೆದ ಮೇಲೂ ವಾದ ನಡೆಯಿತು. ನಾನು ತೀರ್ಪು ಕೊಡಲಿಲ್ಲ.

ಎರಡನೇ ತರಗತಿಗೆ ಇಷ್ಟು ಭಾರ ಬೇಡ. ಅವರಿಗೆ ಹುಣಸೆಬೀಜ ಕೊಟ್ಟು 1, 3, 6, 10 ಅಂತ ಮೂರು ಮೂಲೆಯ ರಾಶಿ ಜೋಡಿಸಲು ಬಿಡುತ್ತೇನೆ, ಅಷ್ಟೇ.

ಐದನೆಯವರಿಗೆ ಮಾತ್ರ ಒಂದು ಹೆಜ್ಜೆ ಮುಂದೆ: ಸಂದು ಚುಕ್ಕಿಯ ಮೊತ್ತಗಳನ್ನೇ ಕೂಡುತ್ತಾ ಹೋಗಿ. 1, ಆಮೇಲೆ 1+7=8, ಅದಕ್ಕೆ 19 ಸೇರಿಸಿದರೆ 27, ಮತ್ತೆ 37 ಸೇರಿದರೆ 64. ಎಲ್ಲವೂ ಘನಸಂಖ್ಯೆಗಳು. ಎಂಟು ಬಿಡಿ ಘನಗಳ ಪೆಟ್ಟಿಗೆಯನ್ನು ಇಪ್ಪತ್ತೇಳರದಾಗಿ ಬೆಳೆಸಲು ಒಂದೇ ಮೂಲೆಯಲ್ಲಿ ಕೂಡುವ ಮೂರು ಮುಖಕ್ಕೆ ಹೊದಿಕೆ ಹಾಕಿದರೆ ಸಾಕು, ಹಿಡಿಯುವುದು ಸರಿಯಾಗಿ 19. ಆ ಹೊದಿಕೆಯನ್ನು ಹೊರಗಿನ ಮೂಲೆಯ ಕಡೆಯಿಂದ ನೋಡಲು ಹೇಳಿ. ಆರು ಮೂಲೆಯ ಚುಕ್ಕಿ ರಂಗೋಲಿ ಮಕ್ಕಳಿಗೆ ತಾನಾಗೇ ಕಾಣುತ್ತದೆ.