ಕೋಡ್ ತಿದ್ದುವ ಮುನ್ನ ದೋಷವನ್ನು ಬರೆದು ನೋಡಿ

ಪ್ರೋಗ್ರಾಂ ಅಂದುಕೊಂಡಂತೆ ನಡೆಯದಿದ್ದಾಗ ಇಲ್ಲೊಂದು ಷರತ್ತು ಬದಲಿಸಿ, ಅಲ್ಲೊಂದು ಪ್ರಿಂಟ್ ಹಾಕಿ, ಮತ್ತೆ ಮತ್ತೆ ರನ್ ಮಾಡುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಅದಕ್ಕೆ ಬದಲಾಗಿ ಮೊದಲು ಒಂದು ಖಾಲಿ ಫೈಲ್ ತೆರೆದು, ಆ ಕೋಡನ್ನು ಕಂಡೇ ಇರದ ಸಹೋದ್ಯೋಗಿಗೆ ತಿಳಿಸಿ ಹೇಳುವ ಹಾಗೆ ಮೂರು ಸಂಗತಿಗಳನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ: ಏನಾಗಬೇಕಿತ್ತು, ಏನಾಯಿತು, ಯಾವ ಯಾವ ಭಾಗ ಸರಿಯಾಗಿದೆ ಎಂದು ನೀವು ನಂಬಿದ್ದೀರಿ. ಮೂರನೆಯದನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಅದೆಲ್ಲ ಗೊತ್ತಿರುವುದೇ ಎನಿಸುತ್ತದೆ. ಆದರೂ ಅದನ್ನು ಬಿಡಬೇಡಿ.

ಬಳಿಕ ಬರೆದದ್ದರಲ್ಲಿ ಅಸ್ಪಷ್ಟವಾದ ಪದಗಳನ್ನು ಹುಡುಕಿ. ಉದಾಹರಣೆಗೆ, 'ದಿನದ ವರದಿಯಲ್ಲಿ ಕೆಲವು ಆರ್ಡರ್‌ಗಳು ಕಾಣುತ್ತಿಲ್ಲ' ಎಂದು ಬರೆದಿದ್ದೀರಿ ಎನ್ನಿ. ಇಲ್ಲಿ 'ಕೆಲವು' ಎಂದರೆ ಯಾವುವು? ಡೇಟಾಬೇಸಿನಿಂದ ಅವುಗಳ ಪಟ್ಟಿ ತೆಗೆದು ನೋಡಿದ ಮೇಲೆ ಅದೇ ವಾಕ್ಯ 'ನಡುರಾತ್ರಿಯಿಂದ ಬೆಳಗಿನ 5:30ರ ಒಳಗೆ ಬಂದ ಆರ್ಡರ್‌ಗಳು ಹಿಂದಿನ ದಿನದ ವರದಿಗೆ ಸೇರುತ್ತಿವೆ' ಎಂದಾಗುತ್ತದೆ. ಭಾರತೀಯ ಕಾಲಮಾನವು ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಕಾಲಮಾನ) ಐದೂವರೆ ಗಂಟೆ ಮುಂದಿದೆ ಎಂಬುದನ್ನು ಬಲ್ಲವರಿಗೆ, ವರದಿಯು ಯುಟಿಸಿಯ ದಿನಾಂಕವನ್ನು ಬಳಸುತ್ತಿದೆ ಎಂದು ಊಹಿಸಲು ಇಷ್ಟೇ ಸಾಕು. 'ದಿನಾಂಕ ಸರಿಯಾಗಿದೆ' ಎಂದು ನಂಬಿಕೆಗಳ ಪಟ್ಟಿಯಲ್ಲಿ ಬರೆದಿದ್ದ ಸಾಲಿನ ಮುಂದೆ 'ಯಾವ ಕಾಲವಲಯದ ದಿನಾಂಕ?' ಎಂಬ ಪ್ರಶ್ನೆ ಈಗ ತಾನಾಗಿ ಏಳುತ್ತದೆ.

ಕೋಡಿನ ಸಾಲುಗಳನ್ನೇ ಮಾತಿಗೆ ಇಳಿಸಿದರೆ ಪ್ರಯೋಜನವಿಲ್ಲ. 'ಇಲ್ಲಿ ಎಣಿಕೆ ಒಂದು ಹೆಚ್ಚುತ್ತದೆ' ಎನ್ನುವುದಕ್ಕಿಂತ ಏಕೆ ಹೆಚ್ಚಬೇಕು ಎಂಬುದನ್ನು ಬರೆಯಿರಿ. 1989ರಲ್ಲಿ ಕಲಿಕೆಯ ಸಂಶೋಧಕಿ ಮಿಶೆಲೀನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಬಿಡಿಸಿದ ಲೆಕ್ಕಗಳನ್ನು ಓದುತ್ತಿದ್ದ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಚೆನ್ನಾಗಿ ಕಲಿತವರು ಹೆಜ್ಜೆಗಳ ಹಿಂದಿನ ಕಾರಣವನ್ನು ತಮಗೆ ತಾವೇ ವಿವರಿಸಿಕೊಳ್ಳುತ್ತಿದ್ದುದು ಕಂಡುಬಂದಿತ್ತು.

ದೋಷ ಇನ್ನೂ ಕಾಣಿಸಿಕೊಳ್ಳದ ಕೋಡಿಗೂ ಈ ಕ್ರಮ ಒದಗುತ್ತದೆ. ಬೈನರಿ ಸರ್ಚ್‌ನಲ್ಲಿ, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ಹುಡುಕುವ ವಿಧಾನದಲ್ಲಿ, ನಡುವಿನ ಸ್ಥಾನ ತಿಳಿಯಲು ಎರಡು ತುದಿಗಳ ಸ್ಥಾನಸಂಖ್ಯೆಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ರೂಢಿ. ಆದರೆ ಅರೇ (ಆ ಪಟ್ಟಿ) ತೀರ ದೊಡ್ಡದಾಗಿದ್ದಾಗ ಆ ಮೊತ್ತವು 32 ಬಿಟ್‌ನ ಪೂರ್ಣಾಂಕದ ಮಿತಿಯಾದ 2,14,74,83,647ನ್ನು ದಾಟಿ ಋಣಸಂಖ್ಯೆಯಾಗಿಬಿಡಬಹುದು. ಜಾವಾ ಭಾಷೆಯ ಲೈಬ್ರರಿಯಲ್ಲೇ ವರ್ಷಗಟ್ಟಲೆ ಇದ್ದ ಈ ದೋಷವನ್ನು 2006ರಲ್ಲಿ ಪ್ರೋಗ್ರಾಮರ್ ಜೋಶುವಾ ಬ್ಲಾಕ್ ವಿವರಿಸಿದರು. 'ಎಡತುದಿಯಿಂದ ಹೊರಟು, ಬಲತುದಿಗೆ ಇರುವ ಅಂತರದ ಅರ್ಧದಷ್ಟು ಮುಂದೆ ಹೋಗಬೇಕು' ಎಂದು ಬರೆದುಕೊಂಡು ಅದನ್ನೇ ಕೋಡಿಗೆ ಇಳಿಸಿದರೆ ಆ ದೊಡ್ಡ ಮೊತ್ತ ಹುಟ್ಟುವುದೇ ಇಲ್ಲ.

ಅಷ್ಟಾದರೂ ಬಗೆಹರಿಯದಿದ್ದರೆ ಬರೆದದ್ದನ್ನು ಹಾಗೆಯೇ ಸಹೋದ್ಯೋಗಿಗೆ ಕಳುಹಿಸಿ. ಅವರು ಕೇಳಬಹುದಾದ ಮೊದಲ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರುತ್ತದೆ. ದೋಷ ಸಿಕ್ಕಿದರೆ ಅದನ್ನು ಸ್ಪಷ್ಟಪಡಿಸಿದ ಕೊನೆಯ ವಾಕ್ಯವನ್ನು ಕಮಿಟ್ ಸಂದೇಶದಲ್ಲಿ (ಕೋಡಿನ ಬದಲಾವಣೆಯ ಜೊತೆ ಉಳಿಸುವ ಟಿಪ್ಪಣಿ) ಸೇರಿಸಿ, ಮುಂದೆ ಆ ಕೋಡನ್ನು ಮುಟ್ಟುವವರಿಗೆ ಅದು ಬೇಕಾಗುತ್ತದೆ.